ಮಣ್ಣಿಗೆ ಮಡಿ ಮಾಡಿದ ಶ್ರೀಕಂಠ ಅಂಕಲ್

ಶ್ರೀಕಂಠ ಅಂಕಲ್ ಬೆಳಿಗ್ಗೆ ಟೈ ಕಟ್ಟಿಕೊಂಡೇ ಒಂದು ಪುಟ್ಟ ಟೀಪಾಟ್‌ಗೆ ಬರೀ ಬಿಸಿನೀರು ಸುರಿದು, ಮುಚ್ಚಳ ತೆಗೆದು, ಮೂಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ "ಇನ್ನೂ ಬಂದಿಲ್ಲ" ಎಂದು ನೀರು ಚೆಲ್ಲಿ, ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹೋಗಲು ಎಂಆರ್‌ಟಿ ರೈಲಿನ ಕಡೆ ಓಡುತ್ತಿದ್ದರು.

ವಾಟ್ಸ್ಯಾಪ್ ಆಗತಾನೇ ಎಲ್ಲರ ಫೋನಿಗೂ ಬಂದಿದ್ದ ಕಾಲ. ನಾನು ಯೂನಿವರ್ಸಿಟಿಯಲ್ಲಿ ಓದುತ್ತ, ಕ್ಲೆಮೆಂಟಿಯ ಅವರ ಫ್ಲ್ಯಾಟಿನಲ್ಲಿ ಒಂದು ರೂಮು ಹಿಡಿದಿದ್ದೆ. ಅಂಕಲ್, ವಿಮಲಾ ಆಂಟಿ ಇಬ್ಬರೂ ಮೈಸೂರಿನವರು. ನಾನು ಬಂದ ವಾರವೇ ಸಿಂಕಿನಲ್ಲಿದ್ದ ಪಾಟ್ ಎತ್ತಿಕೊಂಡು ಸೋಪು ಹಚ್ಚಲು ಹೋದೆ. ಅಂಕಲ್ ಹಾಲ್‌ನಿಂದ ಓಡಿಬಂದರು.

"ಸೋಪ್ ಬೇಡ ಸುಮಾ, ಕುಡಿದುಬಿಡತ್ತೆ ಅದು. ಚೈನಾದ ಯಿಶಿಂಗ್ ಮಣ್ಣು. ಮೇಲೆ ಮೆರುಗು ಹಾಕಿರಲ್ಲ ನೋಡು, ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಟೀ ಹಾಕ್ದಾಗೆಲ್ಲ ಚೂರು ಒಳಗಿಟ್ಕೊಳತ್ತೆ. ಅದಕ್ಕೇ ಒಂದು ಪಾಟ್‌ಗೆ ಒಂದೇ ಟೀ. ಬೇರೆ ಏನಾದ್ರೂ ಬಿತ್ತೋ, ಮುಗೀತು. ಸ್ಟೀಲ್ ಥರ ತಿಕ್ಕಿ ಸರಿ ಮಾಡೋಕಾಗಲ್ಲ."

ವರ್ಷಗಟ್ಟಲೆ ಒಂದೇ ಟೀ ಕುಡಿಸಿದರೆ, ಒಂದು ದಿನ ಎಲೆಯಿಲ್ಲದೆ ಬಿಸಿನೀರು ಹಾಕಿದರೂ ಘಮ ಬರುತ್ತದೆ ಎಂದು ಚೈನಾಟೌನಿನ ಅಂಗಡಿಯವನು ಹೇಳಿದ್ದನಂತೆ. ಅಂಕಲ್ ಕಾಯುತ್ತಿದ್ದುದು ಅದಕ್ಕೇ. ಅವರ ನಾಲ್ಕೈದು ಪಾಟ್‌ಗಳಲ್ಲಿ ನೇರಳೆ ಮಿಶ್ರಿತ ಕಂದು ಬಣ್ಣದ ಆ ಪಾಟ್‌ಗೆ ಊಲಾಂಗ್ ಎಂಬ ಚೈನಾ ಟೀ ಬಿಟ್ಟು ಬೇರೇನೂ ಸೋಕಿರಲಿಲ್ಲ. ಬಟ್ಟೆಯಿಂದ ಸವರಿ ಸವರಿ ಅದಕ್ಕೆ ತಿಳಿಯಾದ ಹೊಳಪು ಬಂದಿತ್ತು. ಮುಚ್ಚಳವನ್ನು ಅಂಚಿಗೆ ಮೆಲ್ಲಗೆ ತಾಗಿಸಿ ಅದರ ದನಿ ಕೇಳಿಸುವಾಗ ಅವರ ಮುಖ ನೋಡಬೇಕಿತ್ತು.

"ನಮ್ಮತ್ತೆ ತಾವು ಮಡಿ ಉಟ್ಕೋತಿದ್ರು. ಮಗ ಮಣ್ಣಿಗೆ ಮಡಿ ಮಾಡ್ತಾರೆ," ಎಂದು ಆಂಟಿ ನಗುತ್ತಿದ್ದರು. ಆಂಟಿಗೆ ಟೀ ಸೇರದು. ಮೈಸೂರಿನಿಂದ ತರಿಸಿದ ಕಾಫಿಪುಡಿ, ಫಿಲ್ಟರು, ಇಷ್ಟಿದ್ದರೆ ಅವರಿಗೆ ಸ್ವರ್ಗ. "ಅಷ್ಟೊತ್ತು ಬಿಸಿ ಇಡತ್ತೆ ಅಂತೀರಲ್ಲ, ಒಂದಿನ ನನ್ನ ಡಿಕಾಕ್ಷನ್ ಹಾಕ್ಲಾ?" ಎಂದು ಬೇಕೆಂದೇ ಕೆಣಕುತ್ತಿದ್ದರು.

"ಮನೆ ಬೇಕಾದ್ರೆ ಮಾರು. ಅದೊಂದು ಕೇಳ್ಬೇಡ."

ಆಮೇಲೆ ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಿಯ ದೆಸೆಯಿಂದ ಬಾಯಿಗಿಟ್ಟದ್ದೆಲ್ಲ ಕಬ್ಬಿಣದ ರುಚಿ. ಅನ್ನ ಬಿಟ್ಟರು, ಮಜ್ಜಿಗೆ ಬಿಟ್ಟರು. ಒಂದು ಬೆಳಿಗ್ಗೆ ಅಂಕಲ್ ಸ್ಟೀಲ್ ಲೋಟದಲ್ಲಿ ತಂದ ಕಾಫಿಯನ್ನೂ ದೂರ ತಳ್ಳಿ, "ಇದೂ ಕಬ್ಬಿಣಾನೇ ಕಣ್ರೀ," ಎಂದು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂಕಲ್ ಅಡುಗೆಮನೆಗೆ ಬಂದರು. ಕಪಾಟಿನಿಂದ ಆ ಪಾಟ್ ತೆಗೆದು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಡಿಕಾಕ್ಷನ್ ಸುರಿದರು. ಕೈ ಒಂದಿಷ್ಟೂ ತಡೆಯಲಿಲ್ಲ.

"ಅಂಕಲ್, ಅದು ಊಲಾಂಗ್‌ದು ಅಲ್ವಾ?"

"ಹೂಂ. ಸ್ಟೀಲ್ ಅವಳಿಗೆ ಆಗ್ತಿಲ್ಲ. ಇನ್ಮೇಲೆ ಕಾಫೀದು."

ಆಂಟಿ ಪಿಂಗಾಣಿ ಬಟ್ಟಲಿನಿಂದ ಎರಡು ಗುಟುಕು ಕುಡಿದರು. ಮುಖ ಕಿವುಚಲಿಲ್ಲ. ಪಾಟ್ ನೋಡಿ, "ಮೈಲಿಗೆ ಆಗೋಯ್ತಲ್ರೀ ನಿಮ್ಮ ಮಣ್ಣು," ಎಂದರು.

"ಆಗ್ಲಿ ಬಿಡು. ಇನ್ನೊಂಚೂರು ಕುಡಿ."

ಅಂಥ ಗಂಡಸನ್ನು ನಾನು ಮತ್ತೆ ಕಂಡಿಲ್ಲ. ಆಂಟಿ ಇರುವವರೆಗೂ ದಿನಾ ಅದೇ ಪಾಟಿನಲ್ಲಿ ಕಾಫಿ ನಡೆಯಿತು. ಅವರು ಹೋದ ಮೇಲೂ ಅಂಕಲ್ ಅದನ್ನು ನಿಲ್ಲಿಸಲಿಲ್ಲ.

ನಾನು ಕೆಲಸ ಸಿಕ್ಕಿ ಊರಿನ ಇನ್ನೊಂದು ಬದಿಯ ಆಂಗ್ ಮೋ ಕಿಯೋಗೆ ಶಿಫ್ಟ್ ಆದೆ. ಕೆಲವು ವರ್ಷಗಳ ಮೇಲೆ ಅಂಕಲ್ ರಿಟೈರ್ ಆಗಿ ಮೈಸೂರಿಗೆ ಹೊರಟಾಗ ನೋಡಲು ಹೋದೆ. ಅದೇ ಕೊನೆಯ ಭೇಟಿ. ಮನೆಯೆಲ್ಲ ಡಬ್ಬಗಳು, ಉಳಿದ ಪಾಟ್‌ಗಳನ್ನು ಯಾರ್ಯಾರಿಗೋ ಕೊಟ್ಟಿದ್ದರು. ಇದೊಂದು ಮಾತ್ರ ಒಲೆಯ ಪಕ್ಕ ಇತ್ತು.

"ಕಾಫಿಪುಡಿ ಮುಗಿದಿದೆ ಸುಮಾ. ಇರು," ಎಂದು ನೀರು ಕುದಿಸಿ ಪಾಟ್‌ಗೆ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದು, ತಾವು ಮೂಸದೆ ನನ್ನ ಕಡೆ ಸರಿಸಿದರು.

ನಾನು ಬಗ್ಗಿದೆ. ತೆಳುವಾಗಿ, ಆದರೆ ಖಂಡಿತವಾಗಿ, ಆಂಟಿಯ ಕಾಫಿ.

"ಬಂತಲ್ವಾ?" ಎಂದರು ಅಂಕಲ್, ಮತ್ತು ಇಬ್ಬರಿಗೂ ಆ ಬಿಸಿನೀರನ್ನೇ ಬಗ್ಗಿಸಿದರು.