ಎರಡನೇ ಕ್ಯಾಸೆಟ್ಟಿನ ಕಟ್ಟಕಡೆಯ ಹಾಡು

ಜಕ್ಕೂರಿನ ಆಂಜಿನಪ್ಪ ರಾಕ್ ಹಾಡುತ್ತಾನೆಂದರೆ ಊರಿನವರು ಮೊದಮೊದಲು ನಂಬಲೇ ಇಲ್ಲ. ಗೊಬ್ಬರ ಹೊತ್ತ ಕೈಗೆ ಗಿಟಾರೇ ಎಂದು ನಕ್ಕರು. ಅವನು ಮಾತ್ರ ಬೆಳಿಗ್ಗೆ ದಿನವೂ ಹಾಲು ಕೊಳ್ಳುವ ವರ್ತನೆ ಮನೆಗಳಿಗೆ ಹಾಲು ಹಾಕಿ, ಸಂಜೆ ಸೈಕಲ್ಲಿಗೆ ಗಿಟಾರು ಕಟ್ಟಿಕೊಂಡು ದಂಡಿನ, ಅಂದರೆ ಕಂಟೋನ್ಮೆಂಟಿನ, ಹೋಟೆಲುಗಳಿಗೆ ಹೋಗಿ ಬ್ಯಾಂಡಿನಲ್ಲಿ ನುಡಿಸಿ ಬರುತ್ತಿದ್ದ. ಎಂಬತ್ತೊಂದನೇ ಇಸವಿಯಲ್ಲಿ ಬ್ಯಾಂಡು ಬಿಟ್ಟು ತನ್ನದೇ ಒಂದು ಕ್ಯಾಸೆಟ್ಟು ಮಾಡಿದ. ಮನೆಯಲ್ಲಿ ಹಾಕಿದರೆ ತಾಯಿ ಮುನಿವೆಂಕಟಮ್ಮ ಎರಡನೇ ಹಾಡಿಗೇ ಸೆರಗು ಕೊಡವಿ ಎದ್ದಳು.

"ಎಮ್ಮೆ ಬೆದರ್ತಾವೆ ಕಣ್ಲಾ, ಆರ್ಸು."

ಊರು ನಕ್ಕಿದ್ದು ಅವನಿಗೆ ತಾಗಿರಲಿಲ್ಲ, ಇದು ತಾಗಿತು. ಅವ್ವ ಒಂದು ಸಲ ಪೂರ್ತಿ ಕೂತು ಕೇಳಬೇಕು, ಅಷ್ಟೇ ಅವನ ಆಸೆ. ಪಾಪದವನು, ಬಾಯಿಬಿಟ್ಟು ಹೇಳಲಿಲ್ಲ.

ಎಂಬತ್ತನಾಲ್ಕರಲ್ಲಿ ಎರಡನೆಯದಕ್ಕೆ ಕೈ ಹಾಕಿದ. ಅದರಲ್ಲಿ ಏನುಂಟು ಏನಿಲ್ಲ! ಜೋರು ರಾಕ್, ತಮಟೆ, ತತ್ವಪದದ ಧಾಟಿ, ಯಶವಂತಪುರದ ಮಂಡಿಯ ಹರಾಜಿನ ಕೂಗು.

"ಇದೇನ್ ಗುರು, ಮದ್ವೆ ಮನೇಲಿ ಮಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ ಸುರಿದಂಗಿದೆ" ಎಂದ, ಧ್ವನಿಮುದ್ರಣ ಮಾಡುತ್ತಿದ್ದ ಗೆಳೆಯ ಶೇಷಗಿರಿ.

ಆಂಜಿನಪ್ಪ ನಕ್ಕು, ಅವ್ವನ ಬೀಸೋ ಪದವೂ ಬೇಕು ಎಂದ. ಆದರೆ ಅವ್ವನಿಗೆ ಬೀಸುಕಲ್ಲು ಹಿಡಿಯದೆ ಪದ ಬಾಯಿಗೆ ಬಾರದು. ಬರಿಗಲ್ಲು ತಿರುಗಿಸಿದರೆ ಮನೆಗೆ ಕೇಡು, ಅದನ್ನಂತೂ ಆಕೆ ಒಪ್ಪಳು. ಹಾಗಾಗಿ ಶೇಷಗಿರಿಯೇ ಟೇಪ್ ರೆಕಾರ್ಡರ್ ಹೊತ್ತು ಜಕ್ಕೂರಿಗೆ ಬಂದ. ಒಮ್ಮೆ ಕಾಗೆ ಕೂಗಿತು, ಒಮ್ಮೆ ಏರೋಡ್ರೋಮಿನ ವಿಮಾನ ತಲೆಯ ಮೇಲೇ ಹಾರಿತು. ಅವನು "ಇನ್ನೊಂದ್ ಸಲ ಅಮ್ಮಾ" ಎಂದಾಗಲೆಲ್ಲ ಆಕೆ ಮತ್ತಷ್ಟು ರಾಗಿ ಹಾಕಿ ಮೊದಲಿಂದ ಶುರು ಮಾಡುವಳು. ಹಾಡು ಸರಿಯಾಗಿ ಸಿಕ್ಕುವಷ್ಟರಲ್ಲಿ ವಾರಕ್ಕಾಗುವ ಹಿಟ್ಟಾಗಿತ್ತು. ಶೇಷಗಿರಿ ಮುದ್ದೆ ಉಂಡೇ ಹೋದ.

ಆ ಪದವನ್ನು ಆಂಜಿನಪ್ಪ ಕ್ಯಾಸೆಟ್ಟಿನ ಕಟ್ಟಕಡೆಗೆ ಇಟ್ಟ. ತನ್ನದೇ ದನಿ ಕೇಳುವ ಆಸೆಗಾದರೂ ಅವ್ವ ಅಲ್ಲಿಯವರೆಗೆ ಕೂತಾಳು ಎಂಬುದು ಕಳ್ಳನ ಲೆಕ್ಕಾಚಾರ.

ಕ್ಯಾಸೆಟ್ಟು ತಯಾರಾದ ದಿನ ಅವಳು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕೂತಳು. ಒಂದು ಮಗ್ಗುಲು ಮುಗಿಯಿತು, ಮಗ ಕ್ಯಾಸೆಟ್ಟು ತಿರುಗಿಸಿ ಹಾಕಿದ. ಅವಳು ಸುಲಿಯುತ್ತಲೇ ಇದ್ದಳು. ಕೊನೆಗೂ ಬೀಸುಕಲ್ಲಿನ ಸದ್ದು ಬಂತು, ಅದರ ಬೆನ್ನಿಗೆ ಅವಳ ದನಿಯೂ ಬಂತು. ಮುನಿವೆಂಕಟಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದೇಬಿಟ್ಟಳು.

"ಯಾಕವ್ವಾ, ಈಗ್ ಬತ್ತಿರೋದು ನಿಂದೇ ಪದ!"

"ನನ್ ಪದ ನಂಗ್ ಗೊತ್ತಿಲ್ವೇನ್ಲಾ? ಅದ್ಕೂ ಮುಂಚೆ ನೀನೊಂದು ಆಡ್ದಲ್ಲ, ಅದನ್ ಇನ್ನೊಂದ್ ಕಿತ ಆಕು" ಎಂದು ಹೊಸ್ತಿಲು ದಾಟಿದವಳು ತಿರುಗಿ ನಿಂತಳು. "ಎಮ್ಮೆಗ್ ಉಲ್ಲಾಕ್ಬೇಕು. ಕೊಟ್ಟಿಗೆಗೂ ಕೇಳ್ಬೇಕು ನಂಗೆ, ವಸಿ ಜೋರಾಗೇ ಆಕು."