ತವರಿನ ಟಿ.ವಿ., ನಮ್ಮ ಡಬ್ಬಿ

ಗೆಳೆಯರೇ, ಸಿಂಧನೂರಿನ ನಮ್ಮ ಓಣಿಗೂ ಕೇಬಲ್ ಬಂತು. ನಿನ್ನೆ ಕೇಬಲ್ಲಿನವರು ಕೊಟ್ಟ ಡಬ್ಬಿಯನ್ನು ಟಿ.ವಿ.ಗೆ ಜೋಡಿಸಿದಾಗ ಚಿತ್ರ ಚೆನ್ನಾಗಿಯೇ ಇತ್ತು. ಇವತ್ತು ಬೆಳಿಗ್ಗೆ ನೋಡಿದರೆ ಪರದೆಯ ತುಂಬ ಬರೀ ಚುಕ್ಕೆ.

ಟಿ.ವಿ. ನನ್ನ ಹೆಂಡತಿ ಗಿರಿಜಾ ಮದುವೆಯಲ್ಲಿ ಲಿಂಗಸುಗೂರಿನಿಂದ ತಂದದ್ದು. ಅವ್ವ ಅವಳಿಗೆ, "ನಿನ್ನ ತವರಿನ ಟಿ.ವಿ. ನಮ್ಮ ಡಬ್ಬೀನ ಒಪ್ಪವಲ್ದು ನೋಡವಾ. ನಿಮ್ಮಪ್ಪ ಹಳೇದನ್ನ ದಾಟಿಸ್ಯಾನ" ಎಂದಳು. ಗಿರಿಜಾಳ ಕಣ್ಣು ತುಂಬಿದವು.

ಡಬ್ಬಿಯಿಂದ ಟಿ.ವಿ.ಗೆ ಹೋಗುವ ವೈರನ್ನು ಕಿತ್ತು ನೋಡಿದೆ. ಪಿನ್ನಿನ ಸುತ್ತ ವಿಭೂತಿ ಒಣಗಿ ಕೂತಿತ್ತು. ನಿನ್ನೆ ಸಂಜೆ ಹೊಸ ಡಬ್ಬಿಗೆ ಪೂಜೆ ಮಾಡಿದವಳು ಅವ್ವ. ವೈರನ್ನು ಬಿಚ್ಚಿ ಅದರ ತುದಿಗೂ ವಿಭೂತಿ ಹಚ್ಚಿ ಮತ್ತೆ ಸಿಕ್ಕಿಸಿದ್ದಳು. ನನ್ನ ಕೆಂಪು ಟವೆಲ್ಲಿನಿಂದ ಒರೆಸಿ ಸಿಕ್ಕಿಸಿದೆ. ಚಿತ್ರ ಬಂತು.

"ಏನಾಗಿತ್ತೋ?" ಎಂದಳು ಅವ್ವ.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ಧೂಳ ಕುಂತಿತ್ರಿ ಅತ್ತಿ" ಎಂದಳು.

ಅವ್ವ ಟವೆಲ್ಲಿನ ಬಿಳಿ ಕಲೆಯನ್ನು ಸ್ವಲ್ಪ ಹೊತ್ತು ನೋಡಿದಳು. "ನಿಮ್ಮಪ್ಪ ಚಲೋ ಟಿ.ವಿ.ನ ಕೊಟ್ಟಾನ ಬಿಡವಾ" ಎಂದು ಒಳಗೆ ಹೋದಳು.

ತಪ್ಪು ಸುದ್ದಿ ಹಾಕಿದ ಪತ್ರಿಕೆಗಳು ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕುತ್ತವೆ. ಅವ್ವ ಸೊಸೆಯ ಎದುರಿಗೇ ಹೇಳಿದಳು.