ರಾಹುಕಾಲದಲ್ಲಿ ಬಿಚ್ಚಿದ ಡಿಫರೆನ್ಷಿಯಲ್

ನನ್ನ ಬಸ್ಸು ಅಳುತ್ತದೆ ಅಂತ ಹದಿನೈದು ದಿನದಿಂದ ಹುಣಸೂರಿನಲ್ಲಿ ಗುಲ್ಲೋ ಗುಲ್ಲು.

ಸುಮ್ಮನೆ ಹುಟ್ಟಿದ ಗುಲ್ಲಲ್ಲ. ಅದು ನಿಜಕ್ಕೂ ಊಳಿಡುತ್ತಿತ್ತು. ಊರು ಬಿಟ್ಟು ಏರು ಹತ್ತಿತೋ ಇಲ್ಲವೋ, ಹಿಂದಿನ ಸೀಟಿನ ಕೆಳಗಿನಿಂದ 'ಊಂ...' ಅಂತ ಶುರು. ವೇಗ ಏರಿದಂತೆ ಸ್ವರವೂ ಏರುತ್ತಿತ್ತು. ಹೆಗ್ಗಡದೇವನಕೋಟೆ ಮುಟ್ಟುವ ಹೊತ್ತಿಗೆ ಹಿಂದೆ ಕೂತವರಿಗೆ ತಲೆನೋವು.

ಅದಕ್ಕೆ ಊರು ಕೊಟ್ಟ ಕಾರಣ ಏನು ಗೊತ್ತೇ?

"ಯಜಮಾನ್ನ ನೆನಸ್ಕಂಡು ಅಳ್ತಾ ಅದೆ ಕಣವ್ವ. ಮುಂಡೆ ಕೈಗೆ ಬಂದ ಗಾಡಿ, ಇನ್ನೇನಾದದು?"

(ಈ ಮಾತನ್ನು ನನ್ನ ಬಸ್ಸಿನಲ್ಲೇ, ನನ್ನ ಬೆನ್ನ ಹಿಂದೆಯೇ ಕೂತು ಆಡಿದರು. ಟಿಕೆಟ್ ತಗೊಂಡು ಆಡಿದರು ಎನ್ನುವುದೊಂದೇ ಸಮಾಧಾನ.)

ಈ ಅಂಕಣ ಓದುವವರಿಗೆ ನನ್ನ ಮನೆಯ ಸಂಗತಿ ಹೊಸದಲ್ಲ. ಕಳೆದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಹುಣಸೂರಿನಿಂದ ಹೆಗ್ಗಡದೇವನಕೋಟೆ ಮಾರ್ಗವಾಗಿ ಸರಗೂರಿಗೆ ಹೋಗಿಬರುವ ಒಂದೇ ಒಂದು ಬಸ್ಸು, ಅದರ ಪರ್ಮಿಟ್ಟು ನನ್ನ ಹೆಸರಿಗೆ ಬಂತು. ನಾನೂ ನನ್ನ ಇಬ್ಬರು ಹೆಣ್ಣುಮಕ್ಕಳೂ ಉಣ್ಣುವುದು ಅದರಿಂದಲೇ.

ಹೋದ ತಿಂಗಳು ಡಿಫರೆನ್ಷಿಯಲ್ಲಿನ ಗೇರಿನ ಹಲ್ಲು ಮುರಿಯಿತು. ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಹಾಗೆ ಉಬ್ಬಿಕೊಂಡಿರುತ್ತದಲ್ಲ, ಆ ಡಬ್ಬಿ. ಅದರೊಳಗೆ ಹಲ್ಲಿರುವ ಒಂದು ದೊಡ್ಡ ಗಾಲಿ, ಅದನ್ನು ತಿರುಗಿಸಲು ಒಂದು ಸಣ್ಣದು. ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವುದು ಈ ಜೋಡಿಯ ಮೂಲಕ. ಮದ್ರಾಸಿನಿಂದ ಹೊಸ ಜೋಡಿ ತರಿಸಿದೆ. ಮೈಸೂರಿನಿಂದ ದಾಸಪ್ಪ ಮೇಸ್ತ್ರಿ ಬಂದು ಕೂರಿಸಿದರು. ಮಾರನೆಯ ದಿನದಿಂದಲೇ ಊಳು.

ಮೇಸ್ತ್ರಿಯನ್ನು ಕೇಳಿದೆ. "ಒಸ ಗೇರು ಕಣವ್ವ. ಒಸ ಮೆಟ್ಟು ಕಚ್ಚಕಿಲ್ವಾ? ಸವೀತಾ ಸವೀತಾ ಸರೋಯ್ತದೆ ಬುಡಿ" ಅಂದರು.

ಗೇರು ಸವೆಯುವುದಕ್ಕೆ ಮೊದಲು ಜನ ಸವೆದರು. ಮೊದಲು ಬಸುರಿಯರು ಹತ್ತಲಿಲ್ಲ. ಆಮೇಲೆ ಮದುವೆ ದಿಬ್ಬಣದವರು. ಕೊನೆಗೆ ಸಂತೆಗೆ ಹೋಗುವವರೂ ಎತ್ತಿನಗಾಡಿಯೇ ವಾಸಿ ಅಂದುಬಿಟ್ಟರು.

ಅಷ್ಟು ಹೊತ್ತಿಗೆ ಪಿರಿಯಾಪಟ್ಟಣದಿಂದ ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ಕಾಗದ ಹಿಡಿದು ಬಂದರು.

"ನೋಡವ್ವ, ಜನ ಅತ್ತಾ ಇಲ್ಲ. ಪರ್ಮಿಟ್ಟ ನನ್ನೆಸರಿಗೆ ಮಾಡ್ಬುಡು. ನಿಂಗೂ ಮಕ್ಳಿಗೂ ಒಟ್ಟೆಗೆ ಬಟ್ಟೆಗೆ ನಾ ನೋಡ್ಕತೀನಿ. ಬುಧವಾರ ಬತ್ತೀನಿ, ರುಜು ಆಕು."

ಹೊಟ್ಟೆಗೆ ಬಟ್ಟೆಗೆ! ನನ್ನ ಅನ್ನವನ್ನು ನನಗೇ ಅಳೆದು ಹಾಕುವ ಔದಾರ್ಯ. ಮೈಯೆಲ್ಲ ಉರಿದುಹೋಯಿತು.

ಅಳುವವರು ಯಾಕೆ ಅಳುತ್ತಾರೆ ಅಂತ ಗೊತ್ತಾಗಬೇಕಾದರೆ ಯಾವಾಗ ಅಳುತ್ತಾರೆ ಅಂತ ನೋಡಬೇಕು. (ಇಬ್ಬರು ಮಕ್ಕಳನ್ನು ಸಾಕಿದವಳ ಮಾತು ಇದು.) ಸೋಮವಾರ ಬೆಳಿಗ್ಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಹೇಗೂ ಖಾಲಿ ಇತ್ತು.

ಏರಿನಲ್ಲಿ ಊಳು. ಡ್ರೈವರ್ ಕೆಂಪಯ್ಯ ಆಕ್ಸಿಲರೇಟರ್ ಬಿಟ್ಟರೆ ಗಪ್‌ಚಿಪ್. ಇಳಿಜಾರಿನಲ್ಲಿ ಸದ್ದಿಲ್ಲ. ಕ್ಲಚ್ ಒತ್ತಿದರೂ ಇಲ್ಲ. ಮತ್ತೆ ಎಳೆಯಲು ಹಚ್ಚಿದರೆ ಮತ್ತೆ ಊಳು. ಚಕ್ರದ ಬೇರಿಂಗ್ ಕೆಟ್ಟಿದ್ದರೆ ಇಳಿಜಾರಿನಲ್ಲೂ ಕೂಗಬೇಕಿತ್ತು.

ಗಂಡ ಸತ್ತ ದುಃಖವಾದರೆ ಇಳಿಜಾರಿನಲ್ಲಿ ನಿಲ್ಲುತ್ತದೆಯೇ? ನನ್ನದು ನಿಂತಿಲ್ಲ.

ಯಜಮಾನರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಗಾಡಿಯ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುವಾಗ ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ರಿಪೇರಿ ಪುಸ್ತಕ ಓದಿ ಅರ್ಥ ಹೇಳುತ್ತಿದ್ದೆ. ಆ ಪುಸ್ತಕ ತೆಗೆದೆ. ಎಳೆಯುವಾಗ ಮಾತ್ರ ಸದ್ದು ಬಂದರೆ ಹಲ್ಲಿಗೆ ಹಲ್ಲು ನೆಟ್ಟಗೆ ಕೂತಿಲ್ಲ, ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡಬೇಕು ಎಂದಿತ್ತು.

"ಮೇಸ್ತ್ರಿ ಗುರುತು ನೋಡಿದ್ರಾ ಕೆಂಪಯ್ಯ?"

ಕೆಂಪಯ್ಯ ತಲೆ ಕೆರೆದುಕೊಂಡ. "ಎಲ್ಲಿ ನೋಡುದ್ರು ಕಣ್ರವ್ವ? ಅತ್ತೂವರೆಗೆ ರಾವುಕಾಲ ಬತ್ತದೆ, ಅಷ್ಟ್ರೊಳಗೆ ಮುಚ್ಚಳ ಬಿಗೀಲೇಬೇಕು ಅಂತ ಅವತ್ತು ಪಿರಿಯಾಪಟ್ನದಿಂದ ಬಂದಿದ್ದ ನಿಮ್ ಭಾವ್ನೋರು ಗಡಿಯಾರ ಇಡ್ಕಂಡು ನಿಂತಿದ್ರಲ್ಲ. ಗೇರಿನ ಸಂದಿಗೆ ಆಕೋ ತಗಡಿನ ಬಿಲ್ಲೆ ಅದಲ್ಲ, ಅದುನ್ನ ಅಳತೇನೇ ನೋಡ್ನಿಲ್ಲ. ಅಳೇ ಬಿಲ್ಲೇನೇ ಅಂಗೇ ತುರುಕುಬುಟ್ರು."

ಕೇಳಿದಿರಾ? ಅಪಶಕುನ ನಾನಂತೆ!

ಮೇಸ್ತ್ರಿಗೆ ಹೇಳಿಕಳಿಸಿದೆ. ಅವರು ಮೈಸೂರಿನಿಂದ ಬಂದಿಳಿದಾಗ ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಸರಿಯಾಗಿ ರಾಹುಕಾಲ.

"ಈ ಒತ್ನಲ್ಲಿ ಬಿಚ್ಚದು ಬ್ಯಾಡ ಕಣವ್ವ."

"ಒಳ್ಳೆ ಹೊತ್ತು ನೋಡಿ ಮುಚ್ಚಿದ್ರಲ್ಲ, ಏನಾಯ್ತು? ಬಿಚ್ಚಿ ಮೇಸ್ತ್ರಿ."

ಬಿಚ್ಚಿದರು. ಹಲ್ಲಿಗೆ ಹಚ್ಚಲು ಪುಸ್ತಕ ಹೇಳಿದ ಕೆಂಪು ಬಣ್ಣ ಹುಣಸೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ನಾನು ಒಳಗೆ ಹೋದೆ. ದೇವರ ಮುಂದಿನ ಕುಂಕುಮಕ್ಕೆ ಹರಳೆಣ್ಣೆ ಕಲಸಿ ಬಟ್ಟಲಲ್ಲಿ ತಂದೆ.

ನೋಡಲು ಬೀದಿಯಲ್ಲಿ ನೆರೆದಿದ್ದವರು ಕತ್ತು ಚಾಚಿದರು. ಮೇಸ್ತ್ರಿ ಮುಖ ತಿರುಗಿಸಿದರು. "ನೀವು ಅದುನ್ನ ಮುಟ್ಬಾರ್ದು ಕಣವ್ವ."

"ಹಣೆಗೆ ಇಡ್ತಿಲ್ಲ ಮೇಸ್ತ್ರಿ, ಗೇರಿಗೆ ಇಡ್ತಿದೀನಿ. ಗೇರಿಗೆ ಗಂಡ ಸತ್ತಿದ್ರೆ ಹೇಳಿ, ನಿಲ್ಲಿಸ್ತೀನಿ."

ಏನೂ ಅನ್ನಿಸಲಿಲ್ಲವೇ ಅಂತ ಕೇಳುತ್ತೀರಿ. ಅನ್ನಿಸಿತು. ಒಂದು ವರ್ಷದ ಮೇಲೆ ಬೆರಳಿಗೆ ಕುಂಕುಮ ತಾಗಿತ್ತು. ಸುಳ್ಳು ಯಾಕೆ ಹೇಳಲಿ? ಆದರೂ ಒಂದೊಂದೇ ಹಲ್ಲಿಗೆ ಹಚ್ಚಿದೆ. ಕೆಂಪಯ್ಯ ಜಾಕ್ ಮೇಲಿದ್ದ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದ.

ಬಗ್ಗಿ ನೋಡಿದೆವು. ಕುಂಕುಮ ಅಳಿಸಿದ್ದು ಹಲ್ಲಿನ ಹೊರ ಅಂಚಿನಲ್ಲಿ, ಉಗುರಗಲ ಮಾತ್ರ. ಉಳಿದದ್ದೆಲ್ಲ ಹಚ್ಚಿದ ಹಾಗೇ ಕೆಂಪಗೆ ಇತ್ತು. ಇಡೀ ಬಸ್ಸು, ಅದರೊಳಗಿನ ಜನ, ಅವರ ರಾಗಿ ಮೂಟೆ, ಎಲ್ಲವನ್ನೂ ಆ ಉಗುರಗಲದ ಅಂಚು ಎಳೆಯುತ್ತಿತ್ತು. ಊಳಿಡದೆ ಏನು ಮಾಡೀತು?

ಮೇಸ್ತ್ರಿ ಆ ಅಂಚನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿದರು. ಆಮೇಲೆ "ತಪ್ಪು ನಂದೇ ಕಣವ್ವ" ಅಂದರು. ದೊಡ್ಡ ಮಾತು. ಅದನ್ನು ನಮ್ಮ ಕಡೆ ಗಂಡಸರ ಬಾಯಲ್ಲಿ ನಾನು ಹೆಚ್ಚು ಕೇಳಿಲ್ಲ.

ಬಿಲ್ಲೆ ಬದಲಿಸುವುದು, ಕುಂಕುಮ ಹಚ್ಚುವುದು, ತಿರುಗಿಸುವುದು. ಮೂರು ಸಲವೂ ಸರಿಯಾಗಲಿಲ್ಲ. ನಾಲ್ಕನೆಯ ಸಲ ಹಲ್ಲಿನ ನಡುಮಧ್ಯೆ ಅವರೆಕಾಳಿನ ಆಕಾರದ ಗುರುತು ಬಿತ್ತು. ಎಲ್ಲವನ್ನೂ ಒರೆಸಿ, ಹೊಸ ಎಣ್ಣೆ ಹಾಕಿ ಮುಚ್ಚಳ ಬಿಗಿದೆವು.

ಬುಧವಾರ ಭಾವನವರು ಕಾಗದದ ಜೊತೆ ಪೆನ್ನನ್ನೂ ತಂದಿದ್ದರು. "ರುಜು ಆಮೇಲೆ, ಮೊದಲು ಕೋಟೆವರೆಗೆ ಬನ್ನಿ" ಅಂತ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಏರು ಬಂತು. ಅವರು ಬಗ್ಗಿ ಕಿವಿ ಕೊಟ್ಟರು. ಇನ್ನೊಂದು ಏರು ಬಂತು. ಸದ್ದಿಲ್ಲ.

"ಸುಮ್ಕಾಗೋಯ್ತಲ್ಲ! ಶಾಂತಿ ಗೀಂತಿ ಮಾಡ್ಸುದ್ಯಾ?"

"ಮಾಡಿಸ್ದೆ. ರಾಹುಕಾಲದಲ್ಲಿ."

ಅವರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ, "ನೀನು ಕುಂಕುಮ ಮುಟ್ಟಿದ್ಯಂತೆ, ಊರೆಲ್ಲ ಆಡ್ಕತಾ ಅದೆ" ಅಂದರು. ಮೇಸ್ತ್ರಿ ಬಿಲ್ಲೆ ಅಳೆಯಲಿಲ್ಲ ಎನ್ನುವುದನ್ನು ಊರಿನಲ್ಲಿ ಒಬ್ಬರೂ ಆಡಿಕೊಳ್ಳುತ್ತಿಲ್ಲ. ಭಾವನವರು ಗಡಿಯಾರ ಹಿಡಿದು ನಿಂತದ್ದನ್ನೂ ಇಲ್ಲ.

ಗಂಡಸರು ಕೂರಿಸಿದ ಗೇರು ಊಳಿಟ್ಟರೆ ನೀವೆಲ್ಲ ಹೆಂಗಸಿನ ಹಣೆಯನ್ನು ಯಾಕೆ ನೋಡುತ್ತೀರಿ?